ಆಚಾರ್ಯರ ಮೇಲೆ ಬಂದ ಹಳೆಯ ದೂರು

"ಕೇಳಿರಪ್ಪೋ, ಬೆಳಗಿರಿಯ ಜನರೆಲ್ಲ ಕೇಳಿ! ಸಂಗೀತದ ಆಚಾರ್ಯ ವಾಗೀಶರ ಮೇಲೆ ದೂರು ಬಂದಿದೆ. ಅದನ್ನು ವಿಚಾರಿಸುವವರು ಬೇಕಾಗಿದ್ದಾರೆ. ರಾಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ನ್ಯಾಯಪೀಠ, ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳಿದ್ದೇ ತಡ, ಊರಿಗೆ ಊರೇ ಅರಮನೆಯ ಅಂಗಳಕ್ಕೆ ನುಗ್ಗಿತು. ನುಗ್ಗದೆ ಇನ್ನೇನು? ವಾಗೀಶಾಚಾರ್ಯರ ಹಾಡಿಲ್ಲದೆ ಆ ನಾಡಿನಲ್ಲಿ ಮದುವೆಯಿಲ್ಲ, ಪೂಜೆಯಿಲ್ಲ. ಅಂಥವರ ಮೇಲೆ ದೂರು ಕೊಟ್ಟವಳು ನಾಗಲೆ ಎಂಬ ನಡುವಯಸ್ಸಿನ ಹೆಂಗಸು. ಚಿಕ್ಕ ಹುಡುಗಿಯಾಗಿ ಪಾಠಕ್ಕೆ ಹೋಗುತ್ತಿದ್ದಾಗ ಗುರುಗಳು ಬಾಗಿಲು ಹಾಕಿ ತನ್ನ ಮೈಮೇಲೆ ಕೈಹಾಕಿದರು ಎಂಬುದು ಅವಳ ಮಾತು.

"ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗೇಕೆ?" ಎಂದು ಅರ್ಧ ಊರು ಅವಳ ಮೇಲೆ ಉರಿದುಬಿತ್ತು. "ಮುದುಕನನ್ನು ಈಗಲೇ ಗಲ್ಲಿಗೇರಿಸಿ" ಎಂದು ಉಳಿದರ್ಧ ಕೂಗಿತು.

ರಾಣಿ ಹೊನ್ನಲದೇವಿಯೂ ಆಚಾರ್ಯರ ಶಿಷ್ಯೆಯೇ. ತಾನು ಏನು ತೀರ್ಪು ಕೊಟ್ಟರೂ ಜನ ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಇನ್ನೊಬ್ಬರ ಬಾಳಿನ ಮೇಲೆ ತೀರ್ಪು ಕೊಡುವವರು ಮೊದಲು ತಮ್ಮ ತಲೆಯನ್ನು ಪಣಕ್ಕಿಡಲಿ" ಎಂದೇ ಈ ಷರತ್ತು ಹಾಕಿದ್ದಳು.

ಮೊದಲು ಮುಂದೆ ಬಂದವನು ಆಚಾರ್ಯರ ಆಪ್ತ, ದಂಡನಾಯಕ ರಾಚಮಲ್ಲ.

ರಾಣಿ ಕೇಳಿದಳು: "ಬೀಗವಿಲ್ಲ, ಕಾವಲಿಲ್ಲ, ಆದರೂ ಬಾಯೊಳಗೇ ಸೆರೆಯಲ್ಲಿರುತ್ತದೆ. ವರ್ಷ ಕಳೆದಷ್ಟೂ ಭಾರವಾಗುತ್ತದೆ. ಏನದು?"

"ಸುಳ್ಳು!" ಎಂದ ರಾಚಮಲ್ಲ, ನಾಗಲೆಯ ಕಡೆ ಬೆರಳು ತೋರಿಸುತ್ತ.

"ತಪ್ಪು." ಭಟರು ಅವನ ಕೈಗೆ ಕೋಳ ತೊಡಿಸಿದರು.

ಆಚಾರ್ಯರ ಏಳಿಗೆ ಕಂಡರಾಗದ ಆಸ್ಥಾನಗಾಯಕ ಗುಣಪಾಲ ನಗುತ್ತ ಬಂದ. "ಸೇಡು, ಮಹಾರಾಣಿ!" ಎಂದ. ಅವನ ಕೈಗೂ ಕೋಳ ಬಿತ್ತು. ಆಮೇಲೆ ಯಾರೂ ಹೆಜ್ಜೆ ಮುಂದಿಡಲಿಲ್ಲ.

ಆಗ ಅಡುಗೆಮನೆಯ ಕಡೆಯಿಂದ, ಅಲ್ಲಿ ಸೌದೆ ಒಡೆಯುವ ಮೈಲಾರ ಬಂದ. ಕೂದಲ ತುಂಬ ಮರದ ಚಕ್ಕೆ. "ಲೋ, ಸಾಯೋಕೆ ಬಂದ್ಯೇನೋ?" ಎಂದು ಯಾರೋ ಅವನ ತೋಳು ಹಿಡಿದೆಳೆದರು. ಅವನು ಬಿಡಿಸಿಕೊಂಡ.

"ತಾಯೀ, ಅದು ಹೇಳೋಕಾಗದೆ ಉಳಿದ ಮಾತು. ನಮ್ಮಕ್ಕ ಅಂಥದ್ದೊಂದು ಮಾತನ್ನ ತನ್ನ ಮಗಳು ಬೆಳೆದು ನಿಲ್ಲೋವರೆಗೂ ನುಂಗಿಕೊಂಡಿದ್ದಳು. ತಾನು ಹಿಂದೆ ದುಡಿದು ನೊಂದಿದ್ದ ಅದೇ ಮನೆಗೆ ಮಗಳನ್ನ ಕೆಲಸಕ್ಕೆ ಕರೆದ ದಿನ ಬಾಯಿಬಿಟ್ಟಳು. ತಡವಾಯಿತು ಅಂದ ಮಾತ್ರಕ್ಕೆ ಮಾತು ಸುಳ್ಳಾಗಲ್ಲ."

ನಾಗಲೆ ತಲೆಯೆತ್ತಿ ಅವನನ್ನು ನೋಡಿದಳು.

"ಸರಿ," ಎಂದಳು ರಾಣಿ. ಅಂಗಳದಲ್ಲಿ ಗುಜುಗುಜು ಎದ್ದಿತು. "ಎರಡನೆಯದು. ಒಡೆಯ ಮಲಗಿದ್ದರೂ ಅದು ಊರೂರು ತಿರುಗುತ್ತದೆ. ಅವನಿಗಿಂತ ಎತ್ತರ ಬೆಳೆಯುತ್ತದೆ. ಆದರೆ ಅವನ ಪರವಾಗಿ ಆಣೆ ಇಡಲಾರದು, ಏಟೂ ತಿನ್ನಲಾರದು."

ಮೈಲಾರ ತಲೆ ಕೆರೆದುಕೊಂಡ. ಚಕ್ಕೆಗಳು ಉದುರಿದವು. "ಹೆಸರು, ತಾಯಿ. ದೊಡ್ಡ ಹೆಸರು ಇದೆ ಅಂತ ಬಿಟ್ಟುಬಿಡೋದೂ ತಪ್ಪು, ದೊಡ್ಡ ಹೆಸರಿನವನು ಸಿಕ್ಕಿಬಿದ್ದ ಅಂತ ಹೆಚ್ಚಿಗೆ ಬಡಿಯೋದೂ ತಪ್ಪು. ಕಟಕಟೆಗೆ ಮನುಷ್ಯ ಬರಬೇಕು, ಹೆಸರು ಹೊರಗೇ ಇರಬೇಕು."

"ಸರಿ!" ಈಗ ರಾಣಿಯ ದನಿಯೂ ಏರಿತ್ತು. "ಕೊನೆಯದು. ಜಗಳದ ಎರಡೂ ಕಡೆಯವರು ಅದನ್ನು ಬೇಡುತ್ತಾರೆ. ಒಬ್ಬರಿಗೇ ಕೊಟ್ಟರೆ ಕೆಟ್ಟುಹೋಗುತ್ತದೆ. ಮೊದಲು ಅದನ್ನು ಕೊಡದೆ ಬೇರೇನನ್ನೂ ಕೊಡುವಂತಿಲ್ಲ."

"ನ್ಯಾಯ! ನ್ಯಾಯ ಅನ್ನೋ!" ಎಂದು ಜನ ಕೂಗಿದರು. ಮೈಲಾರನ ತುಟಿ ತೆರೆಯಿತು, ಮತ್ತೆ ಮುಚ್ಚಿತು. ಭಟನೊಬ್ಬ ಕೋಳ ಹಿಡಿದು ಹತ್ತಿರ ಸರಿದ.

"ನ್ಯಾಯ ಅಲ್ಲ," ಎಂದ ಕೊನೆಗೆ. "ನ್ಯಾಯ ಆಮೇಲೆ ಬರೋದು. ಮೊದಲು ಬೇಕಾಗೋದು ಕೇಳೋ ಕಿವಿ."

ರಾಣಿ ಎದ್ದು ನಿಂತಳು. "ಮೂರೂ ಸರಿ!"

ಜನರ ಕೂಗಿಗೆ ಗೋಪುರದ ಪಾರಿವಾಳಗಳು ಹಾರಿಹೋದವು. ಮೈಲಾರ ಪೀಠ ಹತ್ತಿದ. ಆಚಾರ್ಯರಿಗೆ ಹಾಕಿದ್ದ ಎತ್ತರದ ಮಣೆ ತೆಗೆಸಿ, ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದ. ನಾಗಲೆ ಹೇಳಬೇಕಾದ್ದನ್ನು ತನ್ನೊಬ್ಬನ ಕಿವಿಗೆ ಹೇಳಿಸಿಕೊಂಡ. ಆಮೇಲೆ ಅವಳ ಮುಂದೆಯೇ ಆಚಾರ್ಯರಿಗೆ ಮಾತ್ರ ಕೇಳುವಂತೆ ಅದನ್ನು ತಿಳಿಸಿ, ಉತ್ತರ ಕೊಡಲು ಬಿಟ್ಟ. "ಹುಡುಗಿಯ ಕಲ್ಪನೆ. ನನಗೇನೂ ನೆನಪಿಲ್ಲ," ಎಂದರು ಆಚಾರ್ಯರು.

"ಇವರಲ್ಲಿ ಕಲಿತವರು ಬೇರೆ ಯಾರಾದರೂ ಇದ್ದೀರಾ? ಒಳ್ಳೆಯದಿದ್ದರೆ ಅದನ್ನೂ ಹೇಳಿ," ಎಂದ ಮೈಲಾರ.

ಹಲವರು ಬಂದು ಹೊಗಳಿದರು. ಆತ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, ಗುರುಗಳಿಗೆ ಹಾಕಲು ಹಾರ ತಂದಿದ್ದ ಚೆನ್ನಾಜಿ ಎಂಬಾಕೆ ಹಾರವನ್ನು ನೆಲಕ್ಕಿಟ್ಟು ಬಂದಳು. ದೂರದ ಊರಿನವಳು, ನಾಗಲೆಯ ಮುಖ ಕಂಡವಳಲ್ಲ. ಅವಳನ್ನೂ ಮೈಲಾರ ಪ್ರತ್ಯೇಕವಾಗಿ ಕೇಳಿದ. ಆಮೇಲೆ ನೇರ ಆಚಾರ್ಯರ ಎದುರು ಬಂದು ನಿಂತ.

"ಆಚಾರ್ಯರೇ, ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು ಒಂದೇ ಮಾತು ಹೇಳಿದರು. ಆ ಹೊತ್ತಿನಲ್ಲಿ ನೀವು ಮಕ್ಕಳಿಗೆ 'ಜೋರಾಗಿ ಹಾಡು' ಅನ್ನುತ್ತಿದ್ದಿರಂತೆ. ಹೊರಗಿದ್ದವರು ಪಾಠ ನಡೀತಿದೆ ಅಂದುಕೊಳ್ಳಲಿ ಅಂತ. ಇದಕ್ಕೆ ಏನು ಹೇಳುತ್ತೀರಿ?"

ಮುದುಕರು ನೆಲದ ಮೇಲಿದ್ದ ಹಾರದ ಕಡೆ ನೋಡಿದರು. "ಹೌದು," ಎಂದರು.

ಕೂಲಿಯವನೊಬ್ಬ ಇದೇ ತಪ್ಪು ಮಾಡಿದ್ದರೆ ಎಷ್ಟು ಶಿಕ್ಷೆಯೋ ಅಷ್ಟನ್ನೇ ಮೈಲಾರ ವಿಧಿಸಿದ. ಹೆಚ್ಚಿಲ್ಲ, ಕಡಿಮೆಯಿಲ್ಲ. ಭಟರು ಸೆರೆಮನೆಗೆ ಕರೆದೊಯ್ಯುವಾಗ ಕಲ್ಲೆತ್ತಿದವರ ಕೈಯನ್ನೂ ತಡೆದ. ನಾಗಲೆ ಮತ್ತು ಚೆನ್ನಾಜಿ ಮೊದಲ ಬಾರಿಗೆ ಒಬ್ಬರ ಕೈ ಒಬ್ಬರು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

"ಏನು ಬೇಕೋ ಕೇಳು," ಎಂದಳು ರಾಣಿ.

"ಕೋಳ ಬಿದ್ದ ಆ ಇಬ್ಬರ ತಲೆ ಉಳಿಸಿಕೊಡಿ, ತಾಯಿ. ಅವರು ಯಾರ ಮಾತನ್ನೂ ಕೇಳದೆ ತೀರ್ಪು ಹೇಳಿದರು, ಅಷ್ಟೇ."

ರಾಣಿ ಇಬ್ಬರನ್ನೂ ಬಿಡಿಸಿದಳು. ನ್ಯಾಯಪೀಠವನ್ನು ಮೈಲಾರನಿಗೆ ಶಾಶ್ವತವಾಗಿ ಕೊಟ್ಟಳು.

ಮರುದಿನ ಬೆಳಗ್ಗೆ ಅವನು ಬಾಗಿಲು ತೆರೆದಾಗ ಹೊರಗೆ ಜನವೋ ಜನ. ಬಾಲ್ಯದ ನೋವು ಹೇಳಲು ಬಂದ ಮುದುಕಿಯರಿದ್ದರು. ಹೆಂಡತಿಯ ಕೈಹಿಡಿದು ಬಂದ ಗಂಡಸರಿದ್ದರು. ಸುಳ್ಳು ಆಪಾದನೆ ಹೊತ್ತು ಊರು ಬಿಟ್ಟಿದ್ದ ಅಂಗಡಿಯವನೊಬ್ಬನೂ ಅಳುಕುತ್ತ ಹಿಂದೆ ನಿಂತಿದ್ದ.

"ಎಲ್ಲರೂ ಒಳಗೆ ಬನ್ನಿ," ಎಂದ ಮೈಲಾರ, ಅಂಗಡಿಯವನಿಗೂ ಕೈಬೀಸಿ. "ನೀವೂ ಬನ್ನಿ ಅಣ್ಣಾ, ನಿಮ್ಮದೂ ಕೇಳೋಣ."