ಪ್ರತಿ ಮಾಡಿದವನ ಸಾವು

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಎಷ್ಟು ಚಿಕ್ಕದೆಂದರೆ, ಗುರುಗಳು ಕಾಲು ಚಾಚಿದರೆ ಶಿಷ್ಯ ಅಂಗಳಕ್ಕೆ ಹೋಗಬೇಕು. ಅಳೆದವನು ನಾನೇ, ಸುಳ್ಳಿರಲಾರದು.

ಗುರುಗಳು ಅಡವಯ್ಯ. ಶಿಷ್ಯ ಫಕೀರಯ್ಯ.

ಮಠದ ಆಸ್ತಿಯೆಂದರೆ ಒಂದು ಕಟ್ಟು ತಾಡೋಲೆ. ಮಠ ಕಟ್ಟಿದ ತಾಯಿ ಹಾಡಿದ ಪದಗಳು, ಗರಿಗೊಂದರಂತೆ ಅರವತ್ತೊಂದು. ಬೇರೆಲ್ಲೂ ಇರಲಿಲ್ಲ. ಈಗ ಹುಳು ತಿಂದು, ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು.

ಓಲೆ ಹಳತಾದಾಗ ಹೊಸ ಪ್ರತಿ ಮಾಡಿ, ಹಳೆಯದನ್ನು ಹೊಳೆಗೆ ಬಿಡುವುದು ಮಠದ ಪದ್ಧತಿ. ಈ ಸಲದ ಪಾಳಿ ಫಕೀರಯ್ಯನದು.

“ಯಾತರ ಮ್ಯಾಲೆ ಬರೀಲಿ, ಅಪ್ಪಾರ? ತಾಮ್ರದ ಮ್ಯಾಲೆ?”

“ಬ್ಯಾಡ. ಯಾರರೆ ಕರಗಿಸಿ ಬಿಂದಿಗಿ ಮಾಡ್ತಾರ.”

“ಕಲ್ಲಿನ ಮ್ಯಾಲೆ?”

“ಅರಿವಿ ಒಗೀತಾರ.”

“ಹಂಗಾದರ ಯಾತರ ಮ್ಯಾಲೆ?”

“ಬರಿಯಾಂವ ನೀನು.”

ಫಕೀರಯ್ಯ ಕಂಪ್ಯೂಟರಿನ ಮುಂದೆ ಕೂತ. ಮೂರು ತಿಂಗಳು ಅಕ್ಷರಕ್ಕೆ ಅಕ್ಷರ ಕೂಡಿಸಿದ. ಸುತ್ತ ಬಳ್ಳಿಯ ಅಂಚು ಬಿಡಿಸಿದ. ಎಲ್ಲವೂ ಅವನ ಯಂತ್ರದಲ್ಲಿ ಮಾತ್ರ ಇದ್ದ ಒಂದು ಸಾಫ್ಟ್‌ವೇರಿನಲ್ಲಿ. ಯಾರೂ ಒಂದು ಸೊನ್ನೆಯನ್ನೂ ತಿದ್ದಬಾರದೆಂದು ಪಾಸ್‌ವರ್ಡಿನ ಬೀಗ ಹಾಕಿದ. ಆ ಬೀಗ ಎಂಥದೆಂದರೆ, ಯಮ ಬಂದರೂ ಚಪ್ಪಲಿ ಬಿಟ್ಟು ಹೊರಗೆ ಕಾಯಬೇಕು.

“ಇದಕ್ಕ ಹುಳ ಹತ್ತೂದಿಲ್ಲ, ಅಪ್ಪಾರ. ಸಾವಿರ ವರ್ಷ ಚಿಂತಿಲ್ಲ.”

“ಹಂಗಾದರ ಇವತ್ತ ಓಲಿ ಹೊಳಿಗೆ ಬಿಡೂಣು. ನಡಿ.”

ದಂಡೆಯಲ್ಲಿ ಯಂಕವ್ವ ಹರಿಗೋಲು ಕಟ್ಟಿ ಕೂತಿದ್ದಳು. ಜನರನ್ನು ಹೊಳೆ ದಾಟಿಸುವವಳು. ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತವಳು. ಗುರುಗಳು ಅವಳನ್ನು ಕರೆದರು. ಮರಳ ಮೇಲೆ ಮಲಗುವಷ್ಟು ಜಾಗ ಸವರಿದರು.

“ಫಕೀರಯ್ಯ, ಸಾಯಿ.”

“ಏನಂದ್ರಿ?”

“ಪ್ರತಿ ಮಾಡಿದಾಂವ ಸತ್ತ ಮ್ಯಾಲೇನ ಪ್ರತಿ ಜೀವಂತ ಐತೋ ಇಲ್ಲೋ ಗೊತ್ತಾಗೂದು. ನನ್ನ ಗುರುಗಳ ಗುರುಗಳೂ ಇಲ್ಲೇ ಸತ್ತಿದ್ದರು. ಮಲಕ್ಕೊ. ಸತ್ತಾಂವ ಮಾತಾಡಬಾರದು.”

ಫಕೀರಯ್ಯ ಮಲಗಿದ. ಗುರುಗಳು ಅವನ ಮುಖದ ಮೇಲೆ ಬಿಳಿ ಬಟ್ಟೆ ಎಳೆದರು. ಅವನು ತಂದಿದ್ದ ಲ್ಯಾಪ್‌ಟಾಪನ್ನು ಯಂಕವ್ವನ ತೊಡೆಯ ಮೇಲಿಟ್ಟರು.

“ಓದು, ತಾಯಿ.”

“ಇದು ಏನೋ ಗುಟ್ಟಿನ ಮಾತು ಕೇಳಾಕತ್ತೈತಿ, ಅಪ್ಪಾರ.”

ಬಟ್ಟೆಯೊಳಗಿಂದ, “ಅದು...”

“ಹೆಣ ಸುಮ್ಮನಿರಲಿ.”

ಯಂಕವ್ವ ಒತ್ತಿದಳು. ತಟ್ಟಿದಳು. ಸೋತಳು.

“ಇದು ಬಾಗಲಾ ತೆಗೀವಲ್ದು.”

ಗುರುಗಳು ನೀರಿಗಿಳಿದರು. ಕಟ್ಟು ಬಿಚ್ಚಿ ಮೇಲಿನ ಗರಿಯನ್ನು ಹೊಳೆಗೆ ಬಿಟ್ಟರು.

“ಬ್ಯಾಡ್ರಿ!”

ಹೆಣ ಎದ್ದು ಓಡಿತು. ಎದೆಮಟ್ಟ ನೀರಿನಲ್ಲಿ ಕೈಯಾಡಿಸಿ ಹುಡುಕಿತು. ಗರಿ ಸಿಗಲಿಲ್ಲ.

ಫಕೀರಯ್ಯ ತೊಯ್ದ ಮೈಯಲ್ಲೇ ಬಂದು ಬೀಗ ತೆಗೆದ. ಹೊಳೆಗೆ ಹೋದ ಪದ ಪರದೆಯ ಮೇಲಿತ್ತು.

“ಐತಿ, ಅಪ್ಪಾರ. ಇಲ್ಲಿ ಐತಿ.”

“ಇನ್ನ ಅಲ್ಲಿ ಮಾತ್ರ ಐತಿ. ಅದೂ ನೀ ಇರೂತನಕ.”

ಫಕೀರಯ್ಯ ಆ ದಿನ ಉಣ್ಣಲಿಲ್ಲ. ಆ ಒಂದು ಪದವನ್ನು ಮೊದಲು ಕಾಗದಕ್ಕಿಳಿಸಿದ. ಆಮೇಲೆ ಉಳಿದ ಅರವತ್ತು.

ಹತ್ತಿಯಿಂದ ಕೈಯಾರೆ ಮಾಡಿದ ದಪ್ಪ ಕಾಗದ. ದೀಪದ ಕಾಡಿಗೆಯಿಂದ ಅರೆದ ಮಸಿ. ಏಳು ಪ್ರತಿ ಮಾಡಿ, ಹೊಳೆಯ ಆಚೆ ಈಚೆ ಏಳು ಮನೆಗಳಲ್ಲಿಟ್ಟ. ಕಂಪ್ಯೂಟರಿನಲ್ಲೂ ಉಳಿಸಿದ. ಈ ಸಲ ಬಳ್ಳಿಯಿಲ್ಲ, ಬೀಗವಿಲ್ಲ. ಬರೀ ಅಕ್ಷರ, ಯಂಕವ್ವನ ಒಡೆದ ಫೋನಿನಲ್ಲೂ ತೆರೆಯುವಂಥದು.

ವರ್ಷ ಕಳೆದು ಮತ್ತೆ ದಂಡೆಗೆ ಬಂದರು. ಫಕೀರಯ್ಯ ಹೇಳಿಸಿಕೊಳ್ಳದೆಯೇ ಮಲಗಿದ. ಬಟ್ಟೆಯನ್ನೂ ತಾನೇ ಎಳೆದುಕೊಂಡ.

ಯಂಕವ್ವ ಮೊದಲು ಫೋನಿನಲ್ಲಿ ತೆರೆದು ನೋಡಿದಳು. ತೆರೆಯಿತು. ಕಾಗದ ಕೈಗೆತ್ತಿಕೊಂಡು ಓದತೊಡಗಿದಳು.

ಮೂರನೇ ಸಾಲಿನಲ್ಲಿ ಒಂದು ಒತ್ತಕ್ಷರ ನುಂಗಿದಳು.

ಬಟ್ಟೆ ಅಲುಗಿತು. ಆಮೇಲೆ ಸುಮ್ಮನಾಯಿತು.

ಯಂಕವ್ವ ಬೆರಳಿಟ್ಟು ಹಿಂದಕ್ಕೆ ಹೋಗಿ, ತಾನೇ ಸರಿ ಮಾಡಿಕೊಂಡಳು.

ಗುರುಗಳು ನೀರಿನಲ್ಲಿ ನಿಂತು ಗರಿ ನೋಡುತ್ತ ಅವಳ ಓದು ಕೇಳಿದರು. ಒಂದು ಪದ ತಾಳೆಯಾದರೆ ಒಂದು ಗರಿ ಬಿಟ್ಟರು. ಹತ್ತು ಪದವಾಗುವಷ್ಟರಲ್ಲಿ ಅವಳ ಓದಿಗೆ ಹರಿಗೋಲಿನ ಹುಟ್ಟು ಹಾಕುವ ಲಯ ಬಂತು. ಇಪ್ಪತ್ತಾಗುವಷ್ಟರಲ್ಲಿ ಅದು ಹಾಡಾಯಿತು.

ಬಿಸಿಲೇರಿತು. ಗುರುಗಳ ಕೈಯಲ್ಲಿ ಒಂದೇ ಗರಿ ಉಳಿಯಿತು.

“ಅಪ್ಪಾರ,” ಬಟ್ಟೆಯೊಳಗಿಂದ ಮೆಲ್ಲಗೆ ದನಿ ಬಂತು, “ಇನ್ನ ಏಳಲೇನ್ರಿ?”

ಯಂಕವ್ವನ ಪದ ಇನ್ನೂ ಮುಗಿದಿರಲಿಲ್ಲ. ಗುರುಗಳು ಕೊನೆಯ ಗರಿಯನ್ನು ನೀರಿಗೆ ಬಿಟ್ಟರು.

“ಯಾಕಪಾ? ಆಕಿ ಓದಾಕತ್ತಾಳಲ್ಲ.”