ಮೂರು ಫೈಲಿಗೆ ಒಂದೇ ಡಬ್ಬಿ

ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ. ಹಿರೇತೂಬು ಎಂಬ ರಾಜ್ಯದಲ್ಲಿ ವೀರಮಲ್ಲ ಎಂಬ ದೊರೆಯಿದ್ದ. ಅವನ ಕಾಲಕ್ಕೆ ಡಂಗುರ ಹೋಗಿ ವೆಬ್‌ಪುಟ ಬಂದಿತ್ತು. ದೊಡ್ಡ ಕೆರೆಯ ತೂಬನ್ನು ಎಷ್ಟು ಗಂಟೆಗೆ ಎತ್ತುತ್ತಾರೆ ಅಂತ ಜನ ಆ ಪುಟ ನೋಡಿಯೇ ಹಳ್ಳಕ್ಕೆ ಇಳಿಯುತ್ತಿದ್ದರು.

ಆ ಪುಟಕ್ಕೊಂದು ಮುಖ್ಯ ಫೈಲು. ಅದು "ತಲೆ ಬಾ, ಒಡಲು ಬಾ, ಪಾದ ಬಾ" ಅಂತ ಮೂರು ಫೈಲುಗಳನ್ನು ಕರೆಯುತ್ತಿತ್ತು. ಅವು ಬಂದು ಒಂದರ ಕೆಳಗೊಂದು ನಿಂತರೆ ಪುಟವಾಯಿತು. ತಲೆಯನ್ನು ಬರೆಯುವವನು ಹಿರಿಯ ಗುಮಾಸ್ತ ತಿಪ್ಪರಸ. ಒಡಲು, ಪಾದ ಎರಡೂ ಹೊನ್ನೂರಮ್ಮನ ಕೆಲಸ. ಅವಳು ಅರಮನೆಯ ಕಸ ಗುಡಿಸುತ್ತಾ, ಗುಮಾಸ್ತರು ಎಸೆದ ಹಾಳೆಗಳನ್ನು ಓದಿ ಓದಿ ಈ ವಿದ್ಯೆ ಕಲಿತವಳು. ಯಾರು ಕಲಿಸಿದರು ಅಂತ ಕೇಳಿದರೆ, "ನನ್ನ ಕಣ್ಣು" ಅನ್ನುತ್ತಿದ್ದಳು.

ತೂಬಿನ ಹೊತ್ತು ಮೂರು ಕಡೆಯೂ ಬರಬೇಕು. ತಿಪ್ಪರಸ ಅದನ್ನು 'ಹೊತ್ತು' ಅಂತ ಹೆಸರಿಟ್ಟ ಡಬ್ಬಿಯಲ್ಲಿ ತುಂಬಿ, ತನ್ನ ಫೈಲಿನೊಳಗೇ ಇಟ್ಟುಕೊಂಡಿದ್ದ. ಒಂದು ಫೈಲಿನ ಡಬ್ಬಿ ಇನ್ನೊಂದು ಫೈಲಿಗೆ ಕಾಣದು. ಹೊನ್ನೂರಮ್ಮ ದಿನಾ ಅವನನ್ನು ಕೇಳಿಯೇ ಬರೆಯಬೇಕು.

"ಅಯ್ಯನೋರೇ, ಇವತ್ತು ಎಷ್ಟು ಗಂಟೆಗೆ?"

"ನಿಂತ್ಕೋಮ್ಮ. ಎಲೆಯಡಿಕೆ ಆಗಲಿ, ಹೇಳ್ತೀನಿ."

ಇಡೀ ಅರಮನೆ ತನ್ನ ಬಾಗಿಲಲ್ಲಿ ಕಾಯಬೇಕು. ಆ ಗತ್ತಿನಲ್ಲೇ ಅವನ ಹೊಟ್ಟೆ ತುಂಬುತ್ತಿತ್ತು.

ಒಂದು ದಿನ ಏಳು ಗಂಟೆಗೆ ಎತ್ತಬೇಕಿದ್ದ ತೂಬನ್ನು ಆರಕ್ಕೇ ಎತ್ತಲು ಅಪ್ಪಣೆಯಾಯಿತು. ತಿಪ್ಪರಸ ತನ್ನ ಡಬ್ಬಿಯನ್ನಷ್ಟೇ ತಿದ್ದಿದ, ಅವಳಿಗೆ ಹೇಳಲಿಲ್ಲ. ಪುಟದ ಮೇಲೆ ಆರು, ಕೆಳಗೆ ಏಳು. ಕೆಳಗಿನ ಸಾಲು ನೋಡಿ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದ ಸಿದ್ದವ್ವ, ಆರಕ್ಕೇ ನುಗ್ಗಿ ಬಂದ ನೀರಿಗೆ ಸಿಕ್ಕಿ, ದಡದ ಲಕ್ಕಿಗಿಡ ಹಿಡಿದು ಉಳಿದಳು.

"ಇವಳದೇ ತಪ್ಪು" ಅಂದ ತಿಪ್ಪರಸ, ದೊರೆಯ ಮುಂದೆ.

ದೊರೆ ಅಂದ: "ಹೊನ್ನೂರಮ್ಮ, ಮೂರು ದಿನ ಕೊಟ್ಟಿದ್ದೇನೆ. ಮೂರು ಕಡೆಯೂ ಒಂದೇ ಹೊತ್ತು ಬರಬೇಕು. ಬರದಿದ್ದರೆ ಮತ್ತೆ ಪೊರಕೆ ಹಿಡಿ."

"ಪೊರಕೆಗೆ ಹೆದರೋಳಲ್ಲ ದೊರೆ. ಸಿದ್ದವ್ವನ ಮುಖ ನೋಡೋಕೆ ಹೆದರ್ತೀನಿ."

ಮೊದಲ ದಿನ ಡಬ್ಬಿಯನ್ನು ಒಡಲಲ್ಲಿಟ್ಟಳು. ಪಾದಕ್ಕೆ ಅದು ಕಾಣಲಿಲ್ಲ. ಜಾಗ ಖಾಲಿ. ತಿಪ್ಪರಸ ನಕ್ಕ.

ಎರಡನೆಯ ದಿನ ಮುಖ್ಯ ಫೈಲಿನಲ್ಲಿಟ್ಟಳು, ಆದರೆ ಮೂರೂ ಫೈಲುಗಳನ್ನು ಕರೆದ ಸಾಲಿನ ಕೆಳಗೆ. ಈ ಸಲ ಒಡಲೂ ಖಾಲಿ, ಪಾದವೂ ಖಾಲಿ. "ಉಂಡು ಕೈ ತೊಳೆದ ಮೇಲೆ ಪಾಯಸ ತಂದಂಗಾಯ್ತು" ಅಂತ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ತಿಪ್ಪರಸ ಇನ್ನೂ ಜೋರಾಗಿ ನಕ್ಕ.

ಮೂರನೆಯ ದಿನ ಮುಖ್ಯ ಫೈಲಿನ ನೆತ್ತಿಯಲ್ಲಿಟ್ಟಳು. ಆಮೇಲೆ ಒಬ್ಬೊಬ್ಬರನ್ನೇ "ಬಾ, ಈ ಡಬ್ಬಿ ತಗೊಂಡು ಬಾ" ಅಂತ ಕರೆದಳು. ಅವತ್ತು ತೂಬು ಎತ್ತುವ ಹೊತ್ತು ಏಳು; ಮೂರು ಕಡೆಯೂ ಏಳು ಅಂತಲೇ ಬಂತು!

"ಅಯ್ಯನೋರೇ, ನಿಮ್ಮ ಒಳಗಿನ ಡಬ್ಬಿ ತೆಗೆದಿರಾ? ಅದೇ ಹೆಸರಿಂದು ಒಳಗಿದ್ರೆ ನಿಮ್ಮ ಫೈಲು ಅದನ್ನೇ ನೋಡುತ್ತೆ, ನನ್ನದನ್ನ ನೋಡಲ್ಲ."

"ತೆಗೆದೆ, ತೆಗೆದೆ! ಸತ್ಯವಾಗ್ಲೂ."

ಹೊನ್ನೂರಮ್ಮನಿಗೆ ನಂಬಿಕೆ ಬರಲಿಲ್ಲ. ಜನ ನೋಡುವ ಪುಟವನ್ನು ಮುಟ್ಟದೆ ಅದರದೊಂದು ನಕಲು ಮಾಡಿದಳು. ದೊರೆಯ ಕಿವಿಯಲ್ಲಿ ಏನೋ ಹೇಳಿದಳು. ದೊರೆ ಮೀಸೆಯಡಿ ನಕ್ಕು, ನಕಲಿನ ಮುಖ್ಯ ಫೈಲಿನ ಡಬ್ಬಿಯಲ್ಲಿ ಏನೋ ಬರೆದು ತಿಪ್ಪರಸನನ್ನು ಕರೆಸಿದ.

"ತಿಪ್ಪರಸ, ಪುಟದ ಮೂರು ಕಡೆಯೂ ಇರುವುದನ್ನು ನಿನಗೆ ಕೊಡುತ್ತೇನೆ. ಓದು."

ಅವನು ಕೆಳಗಿನಿಂದ ಓದಿದ. ಪಾದದಲ್ಲಿ 'ತಿಪ್ಪರಸನಿಗೆ ಮಂತ್ರಿ ಪದವಿ.' ಎದೆ ಉಬ್ಬಿತು. ಒಡಲಲ್ಲಿ 'ತಿಪ್ಪರಸನಿಗೆ ಮಂತ್ರಿ ಪದವಿ.' ಪೇಟ ಸರಿಮಾಡಿಕೊಂಡ. ತಲೆಯಲ್ಲಿ, ಅವನದೇ ಫೈಲಿನಲ್ಲಿ, 'ಏಳು ಗಂಟೆ.'

"ಎಲ್ಲಿ ಹೋಯಿತಯ್ಯ ನಿನ್ನ ಪದವಿ?" ಅಂದ ದೊರೆ. "ನಿನ್ನ ಡಬ್ಬಿಯೇ ಅದಕ್ಕೆ ಅಡ್ಡ ಕೂತಿದೆಯಲ್ಲ!"

ತಿಪ್ಪರಸನ ಮುಖ ಬಾಡಿತು. "ಯಾರೂ ನನ್ನನ್ನು ಕೇಳದೆ ಹೋದರೆ ನಾನ್ಯಾತಕ್ಕೆ ಬೇಕು ದೊರೆ, ಅಂತ ಅನ್ನಿಸ್ತು."

ದೊರೆ ಅವನನ್ನು ಓಡಿಸಲು ಎದ್ದ. ಹೊನ್ನೂರಮ್ಮ ತಡೆದಳು. "ಬೇಡಿ ದೊರೆ. ಅಯ್ಯನೋರ ಹಾಗೆ ತಲೆಬರಹ ಬರೆಯೋರು ಇನ್ನೊಬ್ಬರಿಲ್ಲ. ಅದಕ್ಕೇ ಅವರು ಬೇಕು. ಒಳಗಿನ ಡಬ್ಬೀನ ಅವರ ಕೈಯಾರೆ ಅಳಿಸಲಿ, ಆಮೇಲೆ ಸಿದ್ದವ್ವನ ಮನೆಗೆ ಹೋಗಿ ತಪ್ಪಾಯ್ತು ಅನ್ನಲಿ."

ಅವನು ಅಳಿಸಿದ. ಹೋದ. ತಪ್ಪಾಯ್ತು ಅಂದ. ಸಿದ್ದವ್ವ ಮರುದಿನ ಪುಟದ ಕೆಳಗಿನ ಸಾಲನ್ನೇ ನೋಡಿಕೊಂಡು ಹಳ್ಳಕ್ಕೆ ಇಳಿದಳು.

ಎಲ್ಲರಿಗೂ ಬೇಕಾದದ್ದನ್ನು ಎಲ್ಲರಿಗೂ ಕಾಣುವಲ್ಲಿ, ಕೇಳುವ ಮೊದಲೇ ಇಡಬೇಕು. ಬಚ್ಚಿಟ್ಟುಕೊಂಡವನಿಗೆ ತನ್ನ ಪಾಲಿಗೆ ಬಂದದ್ದೂ ಕಾಣುವುದಿಲ್ಲ. ಇದೇ ನೀತಿ. ಅವರ ಪುಟ ತುಂಬಿತು, ನನ್ನ ಕಥೆ ಮುಗಿಯಿತು.