ಬಳೆಗಾರ ತೋರಿಸಿದ ಪತಂಗ

"ಗುರುಗಳೇ, ನನಗೆ ಉಪಕಾರ ಮಾಡಿದವರಿಗೆಲ್ಲ ಕೈಮುಗಿದು ಬಂದೆ. ಇನ್ನು ಯಾರಾದರೂ ಉಳಿದಿದ್ದಾರೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಕತೆ ತೆಗೆದರು.

ಕಡಲ ದಂಡೆಯಲ್ಲಿ ಒಬ್ಬ ಬಳೆಗಾರನಿದ್ದ. ಹೆಗಲಿಗೆ ಹಾಕಿದ ಮಲಾರದ ಗಂಟಿನಲ್ಲಿ ಬಳೆ ಎಷ್ಟಿದ್ದವೋ, ಬಾಯಲ್ಲಿ ಬಡಾಯಿ ಅದಕ್ಕಿಂತ ಹೆಚ್ಚು. ತಾನು ಸೀನಿದರೆ ಅಳಿವೆಯ ಮೀನುಗಳು ಹೆದರಿ ತಾವಾಗಿ ಬಲೆಗೆ ಬೀಳುತ್ತವೆ ಎನ್ನುವ ಆಸಾಮಿ. ಅವನ ಮಾತು ನಂಬಿದವರಿಲ್ಲ. ಕೇಳದೆ ಎದ್ದುಹೋದವರೂ ಇಲ್ಲ.

ಅವನ ಅಕ್ಕನ ಗಂಡ ನೇಕಾರ. ಆ ನೇಕಾರನ ಕಣ್ಣು ಮಂಜಾಗುತ್ತಿತ್ತು, ವೈದ್ಯರು ಕೈಚೆಲ್ಲಿದ್ದರು. ಪೂರ್ತಿ ಕತ್ತಲಾಗುವ ಮೊದಲು ಅಳಿವೆಯ ರಕ್ಷಿತ ಕಾಡಿನ ಅಪರೂಪದ ಪತಂಗದ ರೆಕ್ಕೆಯನ್ನು ಒಮ್ಮೆ ನೋಡಬೇಕೆಂಬುದು ಅವನ ಆಸೆ.

"ಅದೇನು ಮಹಾ! ಆ ಪತಂಗಗಳು ನನ್ನ ಹೆಗಲ ಮೇಲೆ ಕೂತು ಊರ ಸುದ್ದಿ ಕೇಳುತ್ತವೆ. ಬನ್ನಿ ಭಾವ, ತೋರಿಸುತ್ತೇನೆ," ಎಂದ ಬಳೆಗಾರ. ಹುಟ್ಟಿದ ಮೇಲೆ ಅವನೂ ಅದನ್ನು ಕಂಡಿರಲಿಲ್ಲ.

ನಸುಕಿನಲ್ಲಿ ಇಬ್ಬರೂ ಹೋದರು. ಬಳೆಗಾರನ ಮಾತಿಗೆ ಬೆದರಿ ಮಿಂಚುಳ್ಳಿ ಹಾರಿತು, ಕೊಕ್ಕರೆ ಹಾರಿತು.

"ಬಾಯಿಗೊಂದು ಬಿರಡೆ ಹಾಕು ಮಾರಾಯ," ಎಂದ ನೇಕಾರ.

ಬಳೆಗಾರ ಗಕ್ಕನೆ ನಿಂತ. ಎದುರಿನ ಕೊಂಬೆಯಲ್ಲೇ ಅದು ಕೂತಿತ್ತು. ಅಂಗೈಗಿಂತ ಅಗಲ, ಇಟ್ಟಿಗೆಗೆಂಪು, ಯಾವ ಮಗ್ಗವೂ ನೇಯದ ಅಂಚು. ಜನ್ಮದಲ್ಲಿ ಮೊದಲ ಸಲ ಅವನ ಬಡಾಯಿ ನಿಜವಾಗಿತ್ತು.

"ಭಾವ, ಅಗೋ!"

ನೇಕಾರ ಮುಖವನ್ನು ಕೊಂಬೆಯ ಹತ್ತಿರಕ್ಕೇ ಒಯ್ದ. ಕಾಣಲಿಲ್ಲ. "ಇಷ್ಟೂ ಕಾಣದಾಯಿತೇ ನನಗೆ?"

"ಅಲ್ಲೇನಾದರೂ ಇದ್ದರಲ್ಲವೇ ಕಾಣುವುದು! ಸುಮ್ಮನೆ ಬೊಗಳೆ ಬಿಟ್ಟೆ," ಎಂದುಬಿಟ್ಟ ಬಳೆಗಾರ.

ಅಷ್ಟರಲ್ಲಿ ಗುಡ್ಡದ ಮೇಲೆ ಸೂರ್ಯ ಎದ್ದ. ಬಳೆಗಾರ ಭಾವನ ಭುಜ ಹಿಡಿದು ಆ ಕಡೆ ತಿರುಗಿಸಿದ. "ಯಾವ ಪಂಡಿತರನ್ನು ಬೇಕಾದರೂ ಕೇಳಿ, ಸೂರ್ಯನಿಗೂ ಪತಂಗ ಎನ್ನುತ್ತಾರೆ. ಕೊಟ್ಟ ಮಾತು ಉಳಿಸಿದ್ದೇನೆ. ಕಂಡಿತೋ ಇಲ್ಲವೋ?"

ನೇಕಾರನ ಕಣ್ಣ ತುಂಬ ಕೆಂಪು ಹರಡಿತು. "ಕಂಡಿತು ಕಳ್ಳಾ, ಕಂಡಿತು!" ಎಂದು ಹೊಟ್ಟೆ ಹಿಡಿದು ನಕ್ಕ.

ಬದುಕಿರುವ ತನಕ ನೇಕಾರ ಆ ಬೆಳಗನ್ನು ಕಂಡಕಂಡವರಿಗೆ ಹೇಳಿದ: "ಹುಳು ತೋರಿಸುತ್ತೇನೆಂದು ಸೂರ್ಯನನ್ನು ತೋರಿಸಿದ ಸುಳ್ಳಿನ ಸರದಾರ ನನ್ನ ಮೈದುನ!" ಬಳೆಗಾರನೂ ಜೊತೆಗೆ ನಗುತ್ತಿದ್ದ. ಮಿಕ್ಕದ್ದನ್ನೆಲ್ಲ ಕೊಚ್ಚಿಕೊಂಡ, ಕೊಂಬೆಯ ಮೇಲೆ ಕಂಡದ್ದರ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

"ಹಾಗಾದರೆ ಅವನು ಮಾಡಿದ ಉಪಕಾರ ನೇಕಾರನಿಗೆ ಕೊನೆಗೂ ಗೊತ್ತಾಗಲಿಲ್ಲವೇ?" ಎಂದ ಶಿಷ್ಯ.

"ನಿನ್ನ ಬಳೆಗಾರ ಯಾರೆಂದು ನಿನಗೆ ಗೊತ್ತಾಗಿದೆಯೇ?" ಎಂದರು ಗುರುಗಳು.